ಶಾಲಾ ಸಂಸತ್ತು: ಪ್ರಮಾಣವಚನದ ನಂತರದ ಕೆಲಸ

ಸರ್ಕಾರಿ ಪ್ರೌಢಶಾಲೆಗಳಲ್ಲಿ ಶಾಲಾ ಸಂಸತ್ತಿನ ಚುನಾವಣೆಯೆಂದರೆ ಈಗ ದೊಡ್ಡ ಸಡಗರ. ಮೊಬೈಲಿನಲ್ಲೇ ಮತಯಂತ್ರ, ಬೆರಳಿಗೆ ಶಾಯಿ, ಮರುದಿನ ಪತ್ರಿಕೆಯಲ್ಲಿ ಫೋಟೊ. ಆಗಸ್ಟ್ 15 ಕಳೆದ ಮೇಲೆ ಆಹಾರ ಮಂತ್ರಿ ಯಾರೆಂದು ಕೇಳಿದರೆ ಎಂಟನೆಯ ತರಗತಿಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಮಾಜ ವಿಜ್ಞಾನದ ಶಿಕ್ಷಕನೆಂಬ ಕಾರಣಕ್ಕೆ ಸಂಸತ್ತಿನ ಹೊಣೆ ನನ್ನ ಪಾಲಿಗೆ ಬಂದಾಗ ನಮ್ಮ ಶಾಲೆಯ ಸ್ಥಿತಿಯೂ ಇದೇ ಆಗಿತ್ತು.

ಸಲಹಾ ಪೆಟ್ಟಿಗೆ ಇತ್ತು, ಆದರೆ ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಿಗೆ ಅಂಟಿಕೊಂಡಂತೆ. ಅಲ್ಲಿ ನಿಂತು ಚೀಟಿ ಹಾಕುವ ಧೈರ್ಯ ಯಾವ ಮಗುವಿಗೆ ಬಂದೀತು? ಅದನ್ನು ಕುಡಿಯುವ ನೀರಿನ ನಲ್ಲಿಯ ಬಳಿಗೆ ಸಾಗಿಸಿ, ಕೀಲಿಯನ್ನು ಉಪಪ್ರಧಾನಿಯಾಗಿದ್ದ ಹುಡುಗಿಗೆ ಕೊಟ್ಟೆವು. ಚೀಟಿಗಳು ಬರತೊಡಗಿದವು. ಆದರೆ ಪೆಟ್ಟಿಗೆಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ವಹಿ. ದೂರು, ಬಂದ ದಿನ, ಯಾರಿಗೆ ತಿಳಿಸಿದೆವು, ಏನಾಯಿತು ಎಂದು ನಾಲ್ಕು ಅಂಕಣ. ಕೊನೆಯದನ್ನು ಖಾಲಿ ಬಿಡುವಂತಿಲ್ಲ. ಆಗದಿದ್ದರೆ 'ಆಗಲಿಲ್ಲ' ಎಂದು ಕಾರಣ ಸಹಿತ ಬರೆಯಬೇಕು. ಸೋಮವಾರದ ಪ್ರಾರ್ಥನೆಯಲ್ಲಿ ಸುದ್ದಿ ವಾಚನ ಮುಗಿದ ಕೂಡಲೇ ಸಂಬಂಧಪಟ್ಟ ಮಂತ್ರಿ ಅದನ್ನು ಓದಬೇಕು.

ಪೆನ್ಸಿಲಿನಲ್ಲಿ ಗೀಚಿದ ಒಂದು ಚೀಟಿ ಹೀಗಿತ್ತು: 'ಎರಡನೇ ಶೌಚಾಲಯಕ್ಕೆ ಚಿಲಕ ಇಲ್ಲ. ಒಬ್ಬಳು ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು.' ಅದನ್ನು ಎಲ್ಲರೆದುರು ಓದಲು ಪ್ರಧಾನಮಂತ್ರಿ ಹುಡುಗನಿಗೆ ಸಂಕೋಚ. ಉಪಪ್ರಧಾನಿ ವಹಿಯನ್ನು ಅವನ ಕೈಯಿಂದ ತೆಗೆದುಕೊಂಡು, 'ಒಂದು ಬಾಗಿಲಿಗೆ ಚಿಲಕ ಬೇಕಿದೆ, ಬಡಗಿ ಗುರುವಾರ ಬರುತ್ತಾರೆ' ಎಂದಷ್ಟೇ ಓದಿದಳು. ಯಾವ ಬಾಗಿಲೆಂದು ತಿಳಿಯಬೇಕಾದವರಿಗೆ ತಿಳಿಯಿತು. ಬಡಗಿ ಗುರುವಾರ ಬರಲಿಲ್ಲ. ಮುಂದಿನ ಸೋಮವಾರ ಅದನ್ನೂ ಓದಿದಳು. ಚಿಲಕ ಬಿದ್ದ ವಾರ ಪೆಟ್ಟಿಗೆಯಲ್ಲಿ ಹುಡುಗಿಯರ ಚೀಟಿಗಳೇ ಹೆಚ್ಚು.

'ಇಲ್ಲ' ಎನ್ನುವುದನ್ನೂ ಮಕ್ಕಳು ಕಲಿಯಬೇಕಾಯಿತು. ಬಿಸಿಯೂಟಕ್ಕೆ ವಾರಕ್ಕೊಮ್ಮೆ ಪೂರಿ ಬೇಕೆಂದು ಬೇಡಿಕೆ ಬಂತು. ಆಹಾರ ಮಂತ್ರಿ ಅಡುಗೆಯ ಅಕ್ಕಂದಿರ ಬಳಿ ಕುಳಿತು ಲೆಕ್ಕ ಕೇಳಿ ಬಂದ. ಎಂಟನೆಯ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, ಆದರೆ ಎಣ್ಣೆ 7.5 ಗ್ರಾಂ ಮಾತ್ರ. ಪ್ರಾರ್ಥನೆಯಲ್ಲಿ ಒಂದು ಚಮಚದಲ್ಲಿ ಅಷ್ಟು ಎಣ್ಣೆ ಹಿಡಿದು ತೋರಿಸಿದ: 'ಇದರಲ್ಲಿ ಒಗ್ಗರಣೆಯೂ ಆಗಬೇಕು, ಪೂರಿಯೂ ಬೇಕೇ?' ಮೈದಾನವೆಲ್ಲ ನಗು. ಪೂರಿಯ ಚೀಟಿ ಮತ್ತೆ ಬರಲಿಲ್ಲ. ನಾನು ಅರ್ಧ ಗಂಟೆ ವಿವರಿಸಿದ್ದರೂ ಇಷ್ಟು ನಾಟುತ್ತಿರಲಿಲ್ಲ.

ಇನ್ನೊಂದು ತೊಡಕು ತಡವಾಗಿ ಕಣ್ಣಿಗೆ ಬಿತ್ತು. ಮಂತ್ರಿಗಳೆಲ್ಲ ಶಾಲೆಯ ಊರಿನವರೇ. ಸುತ್ತಲ ಹಳ್ಳಿಗಳಿಂದ ಬರುವವರು ನಾಲ್ಕೂವರೆಯ ಬಸ್ಸಿಗೆ ಓಡಬೇಕು, ಸಂಜೆಯ ಸಭೆಗೆ ನಿಲ್ಲುವವರಲ್ಲ. ಹಾಗಾಗಿ ತರಗತಿ ಪ್ರತಿನಿಧಿಗಳ ಜೊತೆಗೆ ಬಸ್ಸಿಗೊಬ್ಬ ಪ್ರತಿನಿಧಿಯನ್ನು ಸೇರಿಸಿ, ಸಭೆಯನ್ನು ಶನಿವಾರದ ಕೊನೆಯ ಅವಧಿಗೆ ತಂದೆವು. ಬೆಳಗಿನ ಬಸ್ ತಡವಾದ ದಿನ ಮೊದಲ ಅವಧಿಯ ಹಾಜರಿ ತಪ್ಪುತ್ತಿದೆ ಎಂಬ ದೂರು ಆ ಮೊದಲ ಸಭೆಯಲ್ಲೇ ಬಂತು. ಆವರೆಗೆ ಅದು ಯಾರ ಬಾಯಲ್ಲೂ ಬಂದಿರಲಿಲ್ಲ. ಆ ಬಸ್ಸಿನವರ ಹಾಜರಿಯನ್ನು ಈಗ ಎರಡನೆಯ ಅವಧಿಯಲ್ಲಿ ಸರಿಪಡಿಸುತ್ತೇವೆ.

ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. ಮಕ್ಕಳಿಗೆ ಚಾಡಿ ಹೇಳುವ ಚಾಳಿ ಹತ್ತುತ್ತದೆ ಎಂದರು. ಮಕ್ಕಳ ಅಭಿಪ್ರಾಯಕ್ಕೆ ಕಿವಿಗೊಡಬೇಕೆನ್ನುವ 12ನೆಯ ವಿಧಿಯುಳ್ಳ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ ಎಂದು ನಾನು ವಾದಿಸಲಿಲ್ಲ. ಸಿಬ್ಬಂದಿ ಕೊಠಡಿಯಲ್ಲಿ ಅಂಥ ಮಾತು ನಡೆಯುವುದಿಲ್ಲ. ಶಿಕ್ಷಕರ ಹೆಸರಿರುವ ಚೀಟಿಗಳನ್ನು ಪ್ರಾರ್ಥನೆಯಲ್ಲಿ ಓದುವುದಿಲ್ಲ, ಅವನ್ನು ಮುಖ್ಯ ಶಿಕ್ಷಕರು ಆಯಾ ಶಿಕ್ಷಕರೊಡನೆ ಮಾತನಾಡಿ ಬಗೆಹರಿಸುತ್ತಾರೆ ಎಂದು ನಿಯಮ ಮಾಡಿದ ಮೇಲೆ ಸುಮ್ಮನಾದರು.

ಶಾಲೆಯ ಕೈಮೀರಿದ್ದನ್ನು ಬೇರೆ ಹಾಳೆಗೆ ಇಳಿಸಿಕೊಳ್ಳುತ್ತೇವೆ. ವರ್ಷಕ್ಕೊಮ್ಮೆ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ಪ್ರತಿನಿಧಿಗಳು ಅದೇ ಹಾಳೆ ಹಿಡಿದು ಹೋಗುತ್ತಾರೆ. ಅಲ್ಲಿಂದ ಬಂದ ಉತ್ತರವೂ ವಹಿಯ ನಾಲ್ಕನೆಯ ಅಂಕಣ ಸೇರುತ್ತದೆ. ಜೂನ್‌ನಲ್ಲಿ ಹೊಸ ಮಂತ್ರಿಮಂಡಲ ಪ್ರಮಾಣವಚನ ಸ್ವೀಕರಿಸಿದ ದಿನವೇ ವಹಿ ಅವರ ಕೈಗೆ ಹೋಗುತ್ತದೆ. ಈ ಸಲದ ಬಾಕಿಯಲ್ಲಿ ಮೊದಲ ಸಾಲು, ಬಸ್ ನಿಲ್ದಾಣದಿಂದ ಶಾಲೆಯವರೆಗಿನ ಬೀದಿ ದೀಪ.