ಮ್ಯಾನ್ಮಾರಿನಲ್ಲಿ ಸಿಕ್ಕಿಬಿದ್ದವರ ದೂರನ್ನು ಡೊಂಬಿವಲಿಯಲ್ಲೇ ಕೊಡಿ

ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಏಜೆಂಟರು ನಮ್ಮ ಹುಡುಗರನ್ನು ಕರೆಸಿಕೊಳ್ಳುತ್ತಾರೆ. ಅಲ್ಲಿಂದ ಥಾಯ್ಲೆಂಡಿನ ಗಡಿಯೂರಾದ ಮೇ ಸೋಟ್‌ಗೆ ಒಯ್ದು, ಗಡಿಯ ನದಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಹೀಗೆ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದವು.

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಇಂಥದ್ದಾದರೆ ಮೊದಲ ಫೋನು ಮಂಗಳೂರಿಗೋ ಹುಬ್ಬಳ್ಳಿಗೋ ಹೋಗುತ್ತದೆ: ‘ಇಲ್ಲಿ ಮರಾಠಿ, ಅಲ್ಲೇ ದೂರು ಕೊಡಿ’ ಎಂದು. ಅಮೂಲ್ಯ ದಿನಗಳು ಹೀಗೆ ಕಳೆದುಹೋಗುವುದನ್ನು ಕಂಡು ನನಗೆ ಸಂಕಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ನಿಮ್ಮ ಹತ್ತಿರದ ಠಾಣೆ ದೂರು ದಾಖಲಿಸಿಕೊಳ್ಳಬೇಕು. ಇದೇ ಝೀರೋ ಎಫ್‌ಐಆರ್. ಮರಾಠಿಯಲ್ಲಿ ಬರೆದುಕೊಂಡರೆ ಹೆದರಬೇಡಿ. ನೀವು ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡ ಮೇಲೆ ನಿಮಗೆ ಓದಿ ಹೇಳುವುದು, ಪ್ರತಿಯನ್ನು ಉಚಿತವಾಗಿ ಕೊಡುವುದು ಅವರ ಕರ್ತವ್ಯ. ಅರ್ಥವಾಗುವ ತನಕ ಸಹಿ ಹಾಕಬೇಡಿ. ಮನುಷ್ಯ ಸಾಗಣೆ, ಸೈಬರ್ ಅಪರಾಧ ಎರಡೂ ಅಪರಾಧ, ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮಿನ ಸಂಘಟಿತ ಅಪರಾಧದೊಳಗೆ ಬರುತ್ತವೆ. ಹಾಗಾಗಿ ಹಣದ ಮೋಸವನ್ನಷ್ಟೇ ಹೇಳಿ ನಿಲ್ಲಿಸದೆ, ಕೂಡಿಹಾಕಿದ್ದನ್ನೂ ಬರೆಸಿ.

ಆ ಕಾಗದವೇ ಮುಂದಿನ ದಾರಿ. ರಾಜ್ಯ ಪೊಲೀಸರು 2025ರಲ್ಲಿ ಶುರುವಾದ ಭಾರತ್‌ಪೋಲ್ ಪೋರ್ಟಲ್ ಮೂಲಕ ಸಿಬಿಐಯ ನೆರವು ಕೇಳಿದರೆ, ಸಿಬಿಐ ಆ ಕೋರಿಕೆಯನ್ನು ಹಲವು ದೇಶಗಳ ಪೊಲೀಸರ ಇಂಟರ್‌ಪೋಲ್ ಜಾಲಕ್ಕೆ ತಲುಪಿಸುತ್ತದೆ. ಭಾರತ, ಥಾಯ್ಲೆಂಡ್, ಮ್ಯಾನ್ಮಾರ್ ಸೇರಿ ಏಳು ದೇಶಗಳ ಬಿಮ್‌ಸ್ಟೆಕ್ ಕೂಟಕ್ಕೆ ಗಡಿಯಾಚೆಯ ಸಂಘಟಿತ ಅಪರಾಧದ ವಿರುದ್ಧ ಒಂದು ಒಪ್ಪಂದವಿದೆ. 2009ರಲ್ಲಿ ಸಹಿಯಾದದ್ದು 2021ರಲ್ಲಿ ಜಾರಿಗೆ ಬಂತು. ಆದರೆ ಒಪ್ಪಂದ ಸರ್ಕಾರಗಳ ನಡುವಿನದು, ಮ್ಯಾವಡ್ಡಿಯ ಸುತ್ತಲಿನ ಹೆಚ್ಚಿನ ನೆಲ ಸಶಸ್ತ್ರ ಗುಂಪುಗಳ ಕೈಯಲ್ಲಿದೆ. ಅಲ್ಲಿ ಬಿಗಿ ಹಿಡಿಯಬಲ್ಲದ್ದು ಪಕ್ಕದ ಥಾಯ್ಲೆಂಡ್: 2025ರ ಫೆಬ್ರವರಿಯಲ್ಲಿ ಅದು ಆ ಭಾಗಕ್ಕೆ ಕೊಡುತ್ತಿದ್ದ ವಿದ್ಯುತ್ತನ್ನೇ ಕಡಿದುಹಾಕಿತು. ಆದ್ದರಿಂದ ಠಾಣೆಯ ದೂರಿನ ಜೊತೆಗೇ ಯಾಂಗೂನ್, ಬ್ಯಾಂಕಾಕ್ ಎರಡೂ ಭಾರತೀಯ ರಾಯಭಾರ ಕಚೇರಿಗಳಿಗೆ ಬರೆಯಿರಿ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ನೋಂದಾಯಿಸಿ.

ಇನ್ನೂ ಹೊರಡದವರಿಗೆ: ಏಜೆಂಟನ ನೋಂದಣಿ ಸಂಖ್ಯೆಯನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಕೆಲಸಕ್ಕೆಂದು ಪ್ರವಾಸಿ ವೀಸಾದಲ್ಲಿ ಕಳಿಸುತ್ತೇನೆ ಎಂದವನಿಗೆ ಪಾಸ್‌ಪೋರ್ಟ್ ಕೊಡಬೇಡಿ.

ಠಾಣೆಗೆ ಹೋಗುವಾಗ ಸಿಕ್ಕಿಬಿದ್ದ ಮಗನ ಪಾಸ್‌ಪೋರ್ಟ್ ಪ್ರತಿ, ವಿಮಾನದ ಟಿಕೆಟ್, ಏಜೆಂಟನಿಗೆ ಹಣ ಕಳಿಸಿದ ರಸೀದಿ, ವಾಟ್ಸ್‌ಆ್ಯಪ್ ಮಾತುಗಳು, ಅವನು ಕೊನೆಯದಾಗಿ ಕಳಿಸಿದ ಲೊಕೇಶನ್ ಇವನ್ನೆಲ್ಲ ಮುದ್ರಿಸಿ ಒಯ್ಯಿರಿ.