ನಾಲ್ಕು ಜಾಗ, ಇಪ್ಪತ್ತೈದು ನಿಮಿಷ, ಕ್ಯಾಮೆರಾ ಇಲ್ಲ

ಹೋದ ಸೆಪ್ಟೆಂಬರಿನಿಂದ ಈ ಆಗಸ್ಟ್‌ವರೆಗೆ ನನ್ನ ಪಟ್ಟಿಗೆ ಸೇರಿದ್ದು ಸುಮಾರು 190 ಜಾತಿಯ ಹಕ್ಕಿ. ಹಕ್ಕಿ ನೋಡುವವರ ಗ್ರೂಪಿನಲ್ಲಿ 'ಇಂಥದ್ದು ಬಂದಿದೆ' ಎಂಬ ಮೆಸೇಜ್ ನೋಡಿ ಒಂದಕ್ಕೂ ಓಡಿದ್ದಿಲ್ಲ. ಬೆಂಗಳೂರಿನ ಸುತ್ತಲಿನ ಹೆಸರಘಟ್ಟದ ಹುಲ್ಲುಗಾವಲು, ಜಕ್ಕೂರು ಕೆರೆ, ತುರಹಳ್ಳಿಯ ಕುರುಚಲು ಕಾಡು, ನಂದಿ ಬೆಟ್ಟ, ಬಹುತೇಕ ಇಷ್ಟೇ. ಒಂದೊಂದಕ್ಕೆ ಹದಿನೈದು ದಿನಕ್ಕೊಮ್ಮೆ ಹೋಗಿ, ಗುರುತು ಮಾಡಿಟ್ಟ ಐದು ಕಡೆ ತಲಾ 25 ನಿಮಿಷ ಕೂರುವುದು. 'ಕೂತಲ್ಲೇ ಕೂತರೆ ಕಾಗೆ, ಮೈನಾ ಬಿಟ್ಟು ಇನ್ನೇನು ಸಿಗುತ್ತೆ' ಅಂದವರೇ ಹೆಚ್ಚು. ಅವರಲ್ಲಿ ಮೂವರು ಈಗ ಹೀಗೇ ಕೂರುತ್ತಿದ್ದಾರೆ.

25 ಅನ್ನುವ ಲೆಕ್ಕ ಸುಮ್ಮನೆ ಬಂದದ್ದಲ್ಲ. ಹತ್ತು ನಿಮಿಷದಿಂದ ಶುರು ಮಾಡಿದ್ದೆ. ನಮ್ಮ ಹೆಜ್ಜೆ ಸದ್ದಿಗೆ ಅಡಗಿದ ಹಕ್ಕಿ ಮತ್ತೆ ಮೇವಿಗೆ ಇಳಿಯುವುದಕ್ಕೇ ಎಂಟು-ಹತ್ತು ನಿಮಿಷ ಬೇಕು, ಆ ಹೊತ್ತಿಗೆ ನಾವು ಎದ್ದಿರುತ್ತೇವೆ. 40 ನಿಮಿಷವೂ ಕೂತು ನೋಡಿದೆ. ಕೊನೆಯ ಕಾಲು ಗಂಟೆಯಲ್ಲಿ ಹೊಸದು ಒಂದೋ ಎರಡೋ, ಅಷ್ಟರಲ್ಲಿ ಮುಂದಿನ ಜಾಗದ ಬೆಳಗಿನ ಹೊತ್ತು ಕೈತಪ್ಪುತ್ತದೆ.

ದುಡ್ಡು ಕಳೆದದ್ದು ಉಪಕರಣಕ್ಕೆ. ಮೊದಲು ಝೂಮ್ ಬೈನಾಕ್ಯುಲರ್, ನಾಲ್ಕು ಸಾವಿರದ ಹತ್ತಿರ. ಝೂಮ್ ಏರಿಸಿದಂತೆ ನೋಟ ಕಿರಿದಾಗಿ, ಮಂಕಾಗಿ, ಪೊದೆಯಲ್ಲಿ ಹಕ್ಕಿ ಹುಡುಕುವುದೇ ಆಗಲಿಲ್ಲ. ಆಮೇಲೆ 10×50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಗಾಜಿನದು): ಭಾರಕ್ಕೆ ಕೈ ನಡುಗಿತು, ಒಂದೇ ಮಳೆಗಾಲಕ್ಕೆ ಒಳಗೆ ಬೂಷ್ಟು ಬಂತು. ಈಗಿನದು ನೀರು ಹೋಗದ 8×42, ಹನ್ನೆರಡು ಸಾವಿರ ಚಿಲ್ಲರೆ, ಎರಡು ಮೀಟರ್ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಜೂನ್‌ನಿಂದ ಅದರ ವಾಸ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ. ನೀಲಿ ಹರಳು ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ಅದಕ್ಕೆ ಬೇರೆ ಹಳೇ ತವಾ ಇರಲಿ, ಅಡುಗೆಯದು ಬೇಡ. ಹಳೆಯದೊಂದು ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡುವ ಒಂಟಿ ಕೊಳವೆಯ ದುರ್ಬೀನು) ಹತ್ತೊಂಬತ್ತು ಸಾವಿರಕ್ಕೆ ಕೊಂಡು ಹನ್ನೊಂದು ಸಾವಿರಕ್ಕೆ ಮಾರಿದೆ. ಹೆಸರಘಟ್ಟದಲ್ಲಿ ಬೆಳಗ್ಗೆ ಒಂಬತ್ತು ಗಂಟೆ ದಾಟಿದರೆ ನೆಲದ ಝಳಕ್ಕೆ ಚಿತ್ರವೆಲ್ಲ ಕುದಿಯುತ್ತದೆ. ಎಷ್ಟೇ ದೊಡ್ಡದು ಮಾಡಿ ನೋಡಿದರೂ ಕುದಿಯುವುದೇ ದೊಡ್ಡದಾಗಿ ಕಾಣುತ್ತದೆ.

ಹೆಸರಘಟ್ಟಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಸಂಜೆಯ ಸರದಿ. ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆ ಹಕ್ಕಿಗಳು) ರಾತ್ರಿ ತಂಗಲು ಹುಲ್ಲಿಗೆ ಇಳಿಯುವ ಹೊತ್ತದು. ನಾಲ್ಕಕ್ಕೇ ಹೋಗಿ ಸೂರ್ಯ ಬೆನ್ನಿಗಿರುವಂತೆ ಪೂರ್ವಕ್ಕೆ ಮುಖ ಮಾಡಿ, ತಂಗುದಾಣದಿಂದ 200 ಮೀಟರಾದರೂ ದೂರ ಕೂರಬೇಕು. ಹತ್ತಿರ ಹೋಗಿ ಒಮ್ಮೆ ಎಬ್ಬಿಸಿದರೆ ಕತ್ತಲಾಗುವವರೆಗೂ ಸುತ್ತುತ್ತಲೇ ಇರುತ್ತವೆ. ಸೆಳೆವಗಳಲ್ಲಿ ಮಾಂಟೆಗು ಎಂಬ ಜಾತಿಯ ಗಂಡಿಗೆ ರೆಕ್ಕೆಯ ಮೇಲೆ ಅಡ್ಡ ಕಪ್ಪು ಗೆರೆ. ಪ್ಯಾಲಿಡ್ ಎಂಬ ಜಾತಿಯ ಗಂಡಿಗೆ ಆ ಗೆರೆಯಿಲ್ಲ, ರೆಕ್ಕೆಯ ತುದಿಯಲ್ಲಿ ಕಪ್ಪು ಬೆಣೆ ಮಾತ್ರ. ತೊಡಕೆಲ್ಲ ಹೆಣ್ಣಿನದು. ಕೆನ್ನೆಯ ಕಪ್ಪಿನ ಹಿಂದೆ ಬಿಳಿಚು ಪಟ್ಟಿ ಸ್ಪಷ್ಟವಾಗಿ ಕಂಡರಷ್ಟೇ ಪ್ಯಾಲಿಡ್ ಎಂದು ಬರೆಯುತ್ತೇನೆ. ಮೊದಲ ಚಳಿಗಾಲ ಧೈರ್ಯ ಮಾಡಿ ಬರೆದ ಮೂವತ್ತರಷ್ಟು ದಾಖಲೆಗಳನ್ನು ಆಮೇಲೆ ತಿದ್ದಿ 'ಸೆಳೆವ, ಜಾತಿ ತಿಳಿಯದು' ಎಂದು ಹಾಕಬೇಕಾಯಿತು. ಇನ್ನೊಂದು ಮಾತು: ಬಯಲು ಖಾಲಿಯಿದೆ ಎಂದು ಅಲ್ಲಿ ಗಿಡ ನೆಡಲು ಹೋಗಬೇಡಿ. ಮರ ಎದ್ದ ಕಡೆ ನೆಲಗುಬ್ಬಿಯೂ ಇರುವುದಿಲ್ಲ, ಸೆಳೆವವೂ ಇಳಿಯುವುದಿಲ್ಲ.

ಜಕ್ಕೂರಿನಲ್ಲಿ ಗೊರವಗಳಿಗೆ (ಕೆಸರಂಚಿನಲ್ಲಿ ಮೇಯುವ ಹಕ್ಕಿಗಳು) ಕಾದು ನಾಲ್ಕು ತಿಂಗಳು ವ್ಯರ್ಥ. ಶುದ್ಧೀಕರಿಸಿದ ನೀರು ವರ್ಷವಿಡೀ ಬಂದು ಸೇರುವ ಕೆರೆ, ಅಂಚು ಒಣಗಿ ಕೆಸರು ತೆರೆಯುವುದೇ ಕಡಿಮೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳಿಗೆ ಅಡ್ಡಿಯಿಲ್ಲ, ಗೊರವಕ್ಕೆ ಮಾತ್ರ ಪಾದ ಮುಳುಗುವಷ್ಟೇ ನೀರು ಬೇಕು. ಹೂಳೆತ್ತಿ ಬಟ್ಟಲಿನಂತೆ ತೋಡಿದ ನಗರದ ಕೆರೆಗಳಲ್ಲೆಲ್ಲ ಇದೇ ಪಾಡು. ಹಾಗಾಗಿ ಫೆಬ್ರವರಿ-ಮಾರ್ಚಿನಲ್ಲಿ ಜಕ್ಕೂರಿನ ಒಂದು ಸರದಿ ಬಿಟ್ಟು ಹೊಸಕೋಟೆ ಕಡೆ ಒಣಗುತ್ತಿರುವ ಕೆರೆಗೆ ಹೋದೆ. ಒಂದೇ ಬೆಳಗ್ಗೆ ಒಂಬತ್ತು ಹೊಸ ಜಾತಿ.

ತುರಹಳ್ಳಿಗೆ ಚಳಿಗಾಲಕ್ಕಿಂತ ಮಳೆಗಾಲ ಮೇಲು. ಜೂನ್‌ನಲ್ಲಿ ಚಾತಕ, ಆಮೇಲೆ ಗೂಡು ಕಟ್ಟುವ ಉಲಿಯಕ್ಕಿಗಳು, ಬೆಳಗ್ಗೆ ಕೌಜುಗದ ಕೂಗು. ನೆಲಕ್ಕೆ ಕೂತರೆ ಉಣ್ಣಿ ಹತ್ತುತ್ತದೆ, ಕ್ಯಾನ್ವಾಸಿನ ಮಡಚು ಸ್ಟೂಲ್ ಒಯ್ಯಿರಿ.

ನಂದಿಗೆ ವಾರದ ನಡುವೆಯೇ ಹೋಗಬೇಕು, ಶನಿವಾರ-ಭಾನುವಾರ ಗಾಡಿಗಳ ಸಾಲಿನಲ್ಲೇ ಬೆಳಕು ಹರಿಯುತ್ತದೆ. 1,478 ಮೀಟರ್ ಎತ್ತರ, ಚಳಿಗಾಲದಲ್ಲಿ ಮಂಜು ಕರಗುವವರೆಗೆ ಕಿವಿಯದೇ ಕೆಲಸ. ನೀಲಗಿರಿ ಕಾಡುಪಾರಿವಾಳ ಮೇಲಿನ ಮರಗಳಲ್ಲಿ, ಕಾಣುವ ಮೊದಲು ರೆಕ್ಕೆ ಬಡಿದ ಸದ್ದು. ಹಳದಿ ಕೊರಳಿನ ಪಿಕಳಾರವನ್ನು ಮೇಲೆಲ್ಲ ಹುಡುಕಿ ಬರಿಗೈಲಿ ಇಳಿಯುವವರೇ ಹೆಚ್ಚು, ಅದಿರುವುದು ಇಳಿಜಾರಿನ ಬಂಡೆ-ಪೊದೆಗಳಲ್ಲಿ. ನಾನು ಕೂರುವ ಬಂಡೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ನಡುವೆ ಹಕ್ಕಿಗಳ ದನಿ ಫೋನಿನಲ್ಲಿ ದಾಖಲಿಸಲು ಕೊಡೆಯ ಪ್ರಯೋಗವೂ ಆಯಿತು. ಪಾರದರ್ಶಕ ಪ್ಲಾಸ್ಟಿಕ್ ಕೊಡೆ ಬಿಚ್ಚಿ, ಒಳನೆತ್ತಿಯಿಂದ ಒಂದು ಗೇಣು ಕೆಳಗೆ ನಡುವಿನ ಕೋಲಿಗೆ ಫೋನ್ ಕಟ್ಟಿ, ಮೈಕನ್ನು ನೆತ್ತಿಯ ಕಡೆ ತಿರುಗಿಸಿ, ಕೊಡೆಯ ಬಾಯಿಯನ್ನು ಹಕ್ಕಿಯತ್ತ ಹಿಡಿಯುವುದು. ಬಟ್ಟೆ ಕೊಡೆ ಸದ್ದನ್ನು ಹಾಯಲು ಬಿಡುತ್ತದೆ, ಪ್ರಯೋಜನವಿಲ್ಲ. ನೊಣಹಿಡುಕಗಳ ಸಣ್ಣ ದನಿ ಎರಡರಷ್ಟು ಸ್ಪಷ್ಟವಾಯಿತು. ಕೆಂಬೂತದ ಗುಂಯ್‌ಗುಡುವ ದಪ್ಪ ದನಿಗೆ ಕೊಡೆ ಸಣ್ಣದು, ಏನೂ ವ್ಯತ್ಯಾಸವಿಲ್ಲ. ಕೊಡೆಗೆ 280 ರೂಪಾಯಿ.

ಇನ್ನು ನವರಂಗ (ಇಂಡಿಯನ್ ಪಿಟ್ಟಾ) ಎಂಬ ಹಕ್ಕಿ. ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಹೋಗುವಾಗ ನಗರದ ತೋಟಗಳಲ್ಲೂ ಇಳಿಯುತ್ತದೆ, ದಣಿದಿರುತ್ತದೆ. ಅದರ ಕೂಗನ್ನೇ ಫೋನಿನಲ್ಲಿ ಹಾಕಿ ಹೊರಗೆಳೆಯುವುದನ್ನು ದಯವಿಟ್ಟು ಬಿಡಿ. ಜಾಗದ ಹೆಸರು ಇದಕ್ಕೂ ಇಲ್ಲ, ಲಕ್ಷಣ ಹೇಳುತ್ತೇನೆ: ದಟ್ಟ ನೆರಳು, ಗುಡಿಸದೆ ಬಿಟ್ಟ ಒದ್ದೆ ತರಗೆಲೆ, ನಾಯಿ ಓಡಾಡದ ಮೂಲೆ. ಬೆಳಕು ಹರಿಯುವ ಮುಂಚೆ ಎರಡು ದನಿಯ ಶಿಳ್ಳೆ ಕೇಳಿದರೆ ಅಲ್ಲೇ ಕೂತುಬಿಡಿ. ಅಲ್ಲಿ ಮಾತ್ರ 25 ನಿಮಿಷ ಸಾಲುವುದಿಲ್ಲ, 40 ಬೇಕು.