ಮನೆಗೆ ವಾಟರ್ ಮಿಸ್ಟ್ ಅಳವಡಿಸುವ ಮುನ್ನ

ಬೆಂಕಿಗೆ ಕೊಡಗಟ್ಟಲೆ ಸುರಿದ ನೀರಿನಲ್ಲಿ ಬಹುಪಾಲು ಬಿಸಿಯನ್ನು ಹೀರದೆಯೇ ನೆಲದ ಮೇಲೆ ಹರಿದುಹೋಗುತ್ತದೆ. ಅದೇ ನೀರನ್ನು ಒತ್ತಡದಿಂದ ಒಂದು ಮಿಲಿಮೀಟರಿಗಿಂತ ಸಣ್ಣ ಹನಿಗಳಾಗಿ ಒಡೆದು ಚಿಮ್ಮಿಸಿದರೆ, ಹನಿಗಳು ಉರಿಯ ಬಳಿಯೇ ಆವಿಯಾಗುತ್ತಾ ಲೀಟರಿಗೆ 2,500 ಕಿಲೋಜೂಲ್‌ಗೂ ಹೆಚ್ಚು ಶಾಖವನ್ನು ಸೆಳೆದುಕೊಳ್ಳುತ್ತವೆ; ಸುಮಾರು 1,700 ಪಟ್ಟು ಹಿಗ್ಗುವ ಆ ಆವಿಯು ಆಮ್ಲಜನಕವನ್ನೂ ದೂರ ತಳ್ಳುತ್ತದೆ. ವಾಟರ್ ಮಿಸ್ಟ್ ವ್ಯವಸ್ಥೆಯ ತಿರುಳು ಇಷ್ಟೇ. ಆವಿ ನಿಲ್ಲಬೇಕಾದ್ದರಿಂದ ಇದು ಮುಚ್ಚಿದ ಕೋಣೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತೆರೆದ ಜಗಲಿಯಲ್ಲಿ ಅಷ್ಟಾಗಿ ಮಾಡದು.

ನಮ್ಮ ಮನೆಗಳಲ್ಲಿ ಮೊದಲು ಎದುರಾಗುವುದು ಒತ್ತಡದ ಪ್ರಶ್ನೆ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಸಿಗುವುದು ಸುಮಾರು 1 ಬಾರ್ ಮಾತ್ರ. ಹೆಚ್ಚಿನ ಒತ್ತಡದ ವ್ಯವಸ್ಥೆಗಳಿಗೆ 34.5 ಬಾರ್‌ಗಿಂತಲೂ ಹೆಚ್ಚು ಬೇಕು. ಹಾಗಾಗಿ ಪ್ರತ್ಯೇಕ ಪಂಪ್ ಅನಿವಾರ್ಯ. ಬೆಂಕಿ ಕಂಡೊಡನೆ ಯಾರಾದರೂ ಮೇನ್ ಸ್ವಿಚ್ ಆರಿಸುವುದು ಸಹಜವಾದ್ದರಿಂದ, ಆಗಲೂ ಪಂಪ್ ನಿಲ್ಲದಂತೆ ಅದರ ವೈರಿಂಗನ್ನು ಬೇರೆಯಾಗಿಯೇ ಎಳೆಸಬೇಕು. ಕರೆಂಟ್ ಹೋದಾಗಿನ ಏರ್ಪಾಡೂ ಇರಬೇಕು. ದೀಪ, ಫ್ಯಾನಿಗೆಂದು ಕೊಂಡ ಯುಪಿಎಸ್ ಇದಕ್ಕೆ ಸಾಲುವುದಿಲ್ಲ.

ಎರಡನೆಯದು ನೀರಿನ ಗುಣ. ನೀರನ್ನು ಚಿಮ್ಮಿಸುವ ನಾಝಲ್‌ನ ರಂಧ್ರಗಳು ಅತಿ ಸಣ್ಣವು; ಗಡಸಾದ ಬೋರ್‌ವೆಲ್ ನೀರಿನ ಸುಣ್ಣವೋ ಜಿಐ ಪೈಪಿನ ತುಕ್ಕೋ ಅವನ್ನು ಕಟ್ಟಿಬಿಡುತ್ತದೆ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಪೈಪನ್ನೇ ಹಾಕಿಸಿ, ಪಂಪಿನ ಬಳಿ ಫಿಲ್ಟರ್ ಇರಿಸಿ, ಅದನ್ನು ಆಗಾಗ ತೊಳೆಯಬೇಕು. ನಿಮಿಷಕ್ಕೆ 10 ಲೀಟರ್ ಚಿಮ್ಮುವ ಎರಡು ನಾಝಲ್‌ಗಳು ಅರ್ಧ ಗಂಟೆ ನಡೆಯಬೇಕಾದರೆ 600 ಲೀಟರ್ ಬೇಕು, ಅದೂ ದಿನಬಳಕೆಗೆ ಮುಟ್ಟದ ತೊಟ್ಟಿಯಲ್ಲಿ.

ನಾಝಲ್‌ಗಳ ಅಂತರವನ್ನು ತಯಾರಕರ ಪರೀಕ್ಷಾ ವಿವರದಂತೆಯೇ ಇಡಬೇಕು. ಒಬ್ಬರ ಪಂಪಿಗೆ ಇನ್ನೊಬ್ಬರ ನಾಝಲ್ ಜೋಡಿಸಬಾರದು. ಸಜ್ಜೆ, ಎತ್ತರದ ಬೀರು ಅಡ್ಡಬರದಂತೆ ನೋಡಿಕೊಳ್ಳಿ.

ನಾಝಲ್‌ನ ಬಾಯಿಯನ್ನು ಮುಚ್ಚಿಹಿಡಿದಿರುವ ಕೆಂಪು ಗಾಜಿನ ಬಲ್ಬ್ 68 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆದು ನೀರಿಗೆ ದಾರಿ ಬಿಡುತ್ತದೆ. ಒಗ್ಗರಣೆಯ ಹೊಗೆಗೆ ಅದು ಒಡೆಯದು, ಅದೇ ಕಾರಣಕ್ಕೆ ಹೊಗೆ ಎಚ್ಚರಿಕೆಯ ಅಲಾರಂ ಬೇರೆಯೇ ಬೇಕು. ಗ್ಯಾಸ್ ಸೋರಿ ಹತ್ತಿದ ಬೆಂಕಿಯಲ್ಲಿ ಕೈಗೆಟುಕಿದರೆ ರೆಗ್ಯುಲೇಟರ್ ಮುಚ್ಚಿ, ಇಲ್ಲವಾದರೆ ಹೊರಬಂದು 112ಕ್ಕೆ ಕರೆ ಮಾಡಿ. ಒಮ್ಮೆ ಒಡೆದ ಬಲ್ಬ್ ಮತ್ತೆ ಬಳಕೆಗೆ ಬಾರದಾದ್ದರಿಂದ, ಅದೇ ಮಾದರಿಯ ಒಂದೆರಡು ನಾಝಲ್‌ಗಳನ್ನು ಪಂಪಿನ ಪಕ್ಕದಲ್ಲಿಯೇ ಇಟ್ಟಿರಬೇಕು.